ಗಾಜಪ್ಪ ಮೀನಿಗೆ ಕಿಟಕಿ ಕೂರಿಸಿದ್ದು

ಗಾಜಪ್ಪನಿಗೆ ಹೆತ್ತವರು ಇಟ್ಟ ಹೆಸರು ಬೇರೆ. ಮೂವತ್ತನಾಲ್ಕು ವರ್ಷ ಊರಿನ ಕಿಟಕಿಗಳಿಗೆಲ್ಲ ಗಾಜು ಕೂರಿಸುತ್ತಾ ಬಂದ ಮೇಲೆ ಆ ಹೆಸರು ಸರ್ಕಾರಿ ಕಾಗದಗಳಲ್ಲಿ ಮಾತ್ರ ಉಳಿದುಕೊಂಡಿತ್ತು. ಯಾರಾದರೂ ಆ ಹೆಸರು ಹಿಡಿದು ಕರೆದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಅಂಗಡಿಯ ಮುಂದೆ ಸ್ಟೂಲು ಹಾಕಿಕೊಂಡು ಕೂತು, ಕೇಳಿದವರಿಗೂ ಕೇಳದವರಿಗೂ ಅವನು ಹೇಳುತ್ತಿದ್ದ ಮಾತು ಒಂದೇ.

“ನಾನು ಕೂರ್ಸಿದ ಗಾಜಿಂದ ಒಂದೇ ಒಂದು ಹನಿ ಒಳಗೆ ಬಂದಿದ್ರೆ ತೋರ್ಸಿ. ಅವತ್ತೇ ಈ ಕೆಲಸ ಬಿಟ್ಬಿಡ್ತೀನಿ.”

ಯಾರೂ ತೋರಿಸಲಿಲ್ಲ. ಕೆಲಸ ನಿಜಕ್ಕೂ ಅಷ್ಟು ಚೊಕ್ಕ, ಅದನ್ನು ಒಪ್ಪಲೇಬೇಕು. ಆದರೆ ಇನ್ನೊಂದು ಕಾರಣವೂ ಇತ್ತು. ಹನಿ ಬಿತ್ತು ಎಂದು ಹೇಳಿಕಳಿಸಿದರೆ ಗಾಜಪ್ಪ ಏಣಿ ಸಮೇತ ಬರುತ್ತಿದ್ದ. ಬಂದವನು, ಆ ಹನಿ ಗೋಡೆಯಿಂದ ಬಿದ್ದದ್ದು, ಇಲ್ಲವೇ ಸೂರಿನಿಂದ ಬಿದ್ದದ್ದು, ಅದೂ ಅಲ್ಲದಿದ್ದರೆ ಮನೆಯವರ ಕಲ್ಪನೆಯಿಂದ ಬಿದ್ದದ್ದು ಎಂದು ಎರಡು ಗಂಟೆ ಹೊತ್ತು ವಿವರಿಸುತ್ತಿದ್ದ. ಅದರ ಬದಲು ಕಿಟಕಿಯ ಕೆಳಗೆ ಒಂದು ಹಳೇ ಬಟ್ಟೆ ಹಾಸಿಕೊಳ್ಳುವುದೇ ಲೇಸು ಎಂದು ಜನ ತೀರ್ಮಾನಿಸಿದ್ದರೆ ಅವರನ್ನು ದೂರುವಂತಿಲ್ಲ.

ಅವನಿಗೆ ಲೋಕವೆಂದರೆ ಕಿಟಕಿ. ಯಾರ ಮನೆಗೆ ಹೋದರೂ ಮೊದಲು ಗಾಜಿನ ಅಂಚು ನೋಡಿ ಆಮೇಲೆ ಮನೆಯವರ ಮುಖ ನೋಡುತ್ತಿದ್ದ. ತನ್ನ ಮದುವೆಯ ದಿನ ಎಲ್ಲರೂ ಹೆಣ್ಣಿನ ಕಡೆ ನೋಡುತ್ತಿದ್ದರೆ ಇವನು ಸಭಾಂಗಣದ ಮೂರನೇ ಕಿಟಕಿಯ ಕಡೆ ನೋಡುತ್ತಿದ್ದನಂತೆ, ಅದರ ಗಾಜು ಹಿಡಿದ ಪುಟ್ಟಿ ಉದುರಿತ್ತಂತೆ. ಹತ್ತಿರದ ನೆಂಟರೊಬ್ಬರು ತೀರಿಕೊಂಡಾಗ ಅವರ ಮಗನ ಭುಜದ ಮೇಲೆ ಕೈಯಿಟ್ಟು ಎರಡು ನಿಮಿಷ ಮಾತಿಲ್ಲದೆ ನಿಂತ. ನೋಡಿದವರ ಕಣ್ಣು ತುಂಬಿ ಬಂತು. ಆಮೇಲೆ ಬಾಯಿಬಿಟ್ಟ: “ಈ ಗಾಜು ಯಾರಪ್ಪಾ ಕೂರ್ಸಿದ್ದು?”

ಇಂಥವನ ಹೆಂಡತಿಯನ್ನು ಬೀದಿಯವರು ಹಲ್ಲಿನಕ್ಕ ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷ ಒಬ್ಬ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿಗೆ ಕೂತವಳು. ಒಳಗಿನ ಯಂತ್ರದ ಸದ್ದು ಕೇಳಿ ಬಾಗಿಲಿಂದಲೇ ವಾಪಸು ಹೊರಟವರನ್ನು ಮಾತಿನಲ್ಲೇ ಹಿಡಿದು ತಂದು ಕುರ್ಚಿಗೆ ಒರಗಿಸುವುದು ಅವಳ ಕೆಲಸ. ಎಂಥೆಂಥವರ ಬಾಯನ್ನೋ ತೆರೆಸಿದ ಹೆಂಗಸಿಗೆ ಮನೆಯಲ್ಲಿ ಒಬ್ಬನ ಬಾಯಿ ಮುಚ್ಚಿಸಲು ಮಾತ್ರ ಆಗಿರಲಿಲ್ಲ.

ಆ ಕ್ಲಿನಿಕ್ಕಿನ ಕಾಯುವ ಕೋಣೆಯಲ್ಲಿ ಒಂದು ತೊಟ್ಟಿ, ಅದರಲ್ಲಿ ಒಂದು ಗೋಲ್ಡ್ ಫಿಶ್. ಹೆಬ್ಬೆರಳಿನಷ್ಟಿದ್ದಾಗ ಬಂದದ್ದು, ಹನ್ನೊಂದು ವರ್ಷದಲ್ಲಿ ಗೇಣುದ್ದ ಮೀರಿತ್ತು. ಹೇಳಿಸಿಕೊಳ್ಳದೆ ಬಾಯಿ ತೆರೆಯುವ ಏಕೈಕ ಪೇಷಂಟು ಇದು ಎಂದು ಡಾಕ್ಟರು ತಮಾಷೆ ಮಾಡಿದ್ದೇ ಅದರ ಹೆಸರಾಗಿ ನಿಂತಿತು. ಪೇಷಂಟುವಿಗೆ ತಿಂಡಿ ಹಾಕಲೆಂದೇ ಹಲ್ಲಿನಕ್ಕ ದಿನಾ ಅರ್ಧ ಗಂಟೆ ಮುಂಚೆ ಹೋಗುತ್ತಿದ್ದಳು. ಆ ಬಾಗಿಲು ದಾಟಿ ಬಂದವರೆಲ್ಲ ನೋವು ಹೊತ್ತು ಬಂದವರು, ಅವಳ ಮುಖ ಕಂಡರೆ ಸಿಡುಕುವವರು. ಅವಳನ್ನು ಕಂಡ ಕೂಡಲೇ ಸಂತೋಷದಿಂದ ಓಡಿ ಬರುತ್ತಿದ್ದದ್ದು ಆ ಮೀನೊಂದೇ. ಮನೆಯಲ್ಲಂತೂ ಹಾಗೆ ಬರುವವರು ಯಾರೂ ಇರಲಿಲ್ಲ.

ಡಾಕ್ಟರಿಗೆ ವಯಸ್ಸಾಗಿ ಕ್ಲಿನಿಕ್ಕು ಮುಚ್ಚಿದಾಗ ಕುರ್ಚಿಯನ್ನು ಒಬ್ಬರು ಒಯ್ದರು, ಫ್ಯಾನನ್ನು ಒಬ್ಬರು ಒಯ್ದರು, ತೊಟ್ಟಿಯನ್ನು ಅದರ ಮೇಲಿನ ದೀಪದ ಆಸೆಗೆ ಇನ್ನೊಬ್ಬರು ಒಯ್ದರು. ಒಳಗಿದ್ದ ಮೀನನ್ನು ಯಾರೂ ಕೇಳಲಿಲ್ಲ. ಹಲ್ಲಿನಕ್ಕ ಅದನ್ನು ಬಕೆಟ್ಟಿಗೆ ಹಾಕಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಳು. ಪಕ್ಕದ ಸೀಟಿನಾಕೆ ಏನಮ್ಮ ಇದು ಅಂದಿದ್ದಕ್ಕೆ ನಮ್ಮ ಪೇಷಂಟು ಅಂದಳಂತೆ. ಆಕೆ ಎದ್ದು ಬೇರೆ ಸೀಟಿಗೆ ಹೋದಳಂತೆ.

ಮನೆಯಲ್ಲಿ ಜಾಗವೆಲ್ಲಿದೆ? ಬಚ್ಚಲುಮನೆಯ ಮೂಲೆಯಲ್ಲಿ ಬಟ್ಟೆ ನೆನೆಸುವ ದೊಡ್ಡ ಪ್ಲಾಸ್ಟಿಕ್ ಟಬ್ ಇತ್ತು. ಪೇಷಂಟು ಅದರೊಳಗೆ ಸೇರಿತು. ಗಾಳಿಗೆ ಒಂದು ಪುಟ್ಟ ಪಂಪು ಗುರ್ ಎನ್ನುತ್ತಿತ್ತು. ಗಂಡ ಹೆಂಡತಿ ಇಬ್ಬರೂ ಮೀನಿನ ಕಣ್ಣೆದುರೇ ಗೋಡೆಗೆ ಅಂಟಿಕೊಂಡು ಸ್ನಾನ ಮಾಡತೊಡಗಿದರು. ಮೂರನೇ ದಿನ ಹಲ್ಲಿನಕ್ಕ ಅಕ್ವೇರಿಯಂ ಅಂಗಡಿಯವನನ್ನು ಕರೆದು ತೋರಿಸಿದಳು. ಅವನು ಬಗ್ಗಿ ನೋಡಿ ಲೊಚಗುಟ್ಟಿದ.

“ಅಕ್ಕಾ, ಈ ಟಬ್ಬಲ್ಲಿ ಇನ್ನು ಇಪ್ಪತ್ತು ದಿನ ತಡೆದ್ರೆ ಹೆಚ್ಚು. ಗಾಳಿ ಸಾಲ್ದೆ ಮೇಲೆ ಬಂದು ಬಾಯಿ ಬಡ್ಕೊಳ್ತಿದೆ ನೋಡಿ. ಅಷ್ಟರಲ್ಲಿ ದೊಡ್ಡ ತೊಟ್ಟಿ ಆದ್ರೆ ಸರಿ. ಇಲ್ಲಾಂದ್ರೆ ಇಪ್ಪತ್ತೊಂದನೇ ದಿನ ನಾನೇ ಬಂದು ತಗೊಂಡು ಹೋಗ್ತೀನಿ. ಯಾವ್ದೋ ಹೋಟೆಲಿನವರು ದೊಡ್ಡ ಮೀನು ಕೇಳ್ತಿದ್ದಾರೆ, ಕೈ ತೊಳಿಯೋ ಜಾಗದ ಪಕ್ಕ ಇಡ್ತಾರಂತೆ.”

ಕೈ ತೊಳೆಯುವ ಜಾಗದ ಪಕ್ಕ ಎಂಬ ಮಾತು ಹಲ್ಲಿನಕ್ಕನ ಎದೆಗೆ ಚುಚ್ಚಿತು. ಅಂದು ಮಧ್ಯಾಹ್ನ ಗಂಡ ಊಟಕ್ಕೆ ಕೂತಾಗ ಅವಳು ಮೂವತ್ತು ವರ್ಷದ ಸಂಸಾರದಲ್ಲಿ ಮಾಡದ ಒಂದು ಕೆಲಸ ಮಾಡಿದಳು. ಅವನನ್ನು ಏನೋ ಒಂದು ಬೇಕೆಂದು ಕೇಳಿದಳು.

“ರೀ, ಅದಕ್ಕೊಂದು ತೊಟ್ಟಿ ಮಾಡ್ಕೊಡ್ತೀರಾ? ಅದನ್ನ ಕಳಿಸೋಕೆ ನಂಗೆ ಮನಸ್ಸಿಲ್ಲ.”

ಇಷ್ಟು ವರ್ಷ ಅವಳು ಏನನ್ನೂ ಕೇಳದೆ ಇದ್ದದ್ದು ಆಸೆ ಇಲ್ಲದೆ ಅಲ್ಲ. ಕೇಳಿದರೆ ಸಿಗುತ್ತಿದ್ದದ್ದು ವಸ್ತುವಲ್ಲ, ಉಪನ್ಯಾಸ. ಈ ಸಲವೂ ಉಪನ್ಯಾಸ ಆಯಿತು, ಆದರೆ ಕೊನೆಗೆ ಗಾಜಪ್ಪ ಅನ್ನದ ಕೈಯನ್ನೇ ಎದೆಗೆ ಬಡಿದುಕೊಂಡ. “ನಾಲ್ಕು ದಿನದ ಕೆಲಸ. ನೀರು ತಡೆಯೋದು ನಂಗೆ ಹೇಳ್ಕೊಡ್ಬೇಕಾ?”

ಎಲ್ಲ ಕಡೆಯೂ ಗಾಜಿನ ತೊಟ್ಟಿಯಾದರೆ ಅಷ್ಟು ದೊಡ್ಡದು ಇಕ್ಕಟ್ಟು ಮೆಟ್ಟಿಲು ಹತ್ತಿ ಮಹಡಿಯ ಮೇಲಿದ್ದ ಅವರ ಮನೆಗೆ ಬರುವಂತಿರಲಿಲ್ಲ. ಹಾಗಾಗಿ ಪ್ಲೈವುಡ್ಡಿನ ಪೆಟ್ಟಿಗೆ, ಮುಂದುಗಡೆ ಮಾತ್ರ ಗಾಜು ಎಂದಾಯಿತು. ಹಲ್ಲಿನಕ್ಕನ ತಮ್ಮ ಬಡಗಿ, ಬಾಯಿಗಿಂತ ಕೈ ಚುರುಕು. ಹಾಲಿನಲ್ಲೇ ಹಲಗೆ ಕೊಯ್ದು, ಅಂಟು ಸವರಿ, ಸ್ಕ್ರೂ ಹಾಕಿ, ನಾಲ್ಕೂವರೆ ಅಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಪೆಟ್ಟಿಗೆ ನಿಲ್ಲಿಸಿದ. ಮುಂದಿನ ಹಲಗೆಯಲ್ಲಿ ಸುತ್ತ ಮೂರು ಇಂಚು ಅಂಚು ಬಿಟ್ಟು ಕಿಟಕಿಯಂತೆ ತೂತು ಕೊರೆದ. ಒಳಗೆಲ್ಲ ನೀರು ಹಿಡಿಯದ ಎಪಾಕ್ಸಿ ಬಣ್ಣ ಎರಡು ಕೋಟು ಬಳಿದ. ಬಣ್ಣ ಒಣಗುವಷ್ಟರಲ್ಲಿ ಆ ಇಪ್ಪತ್ತರಲ್ಲಿ ಏಳನೇ ದಿನ ಬಂದಿತ್ತು. ಗಾಜಪ್ಪ ಅಂಗಡಿಯಿಂದ ಹತ್ತು ಮಿಲಿಮೀಟರ್ ದಪ್ಪದ ಗಾಜು ಕೊಯ್ದು ತಂದ.

ಬಡಗಿ ಗಾಜಿನ ಒಂದು ತುದಿ ಹಿಡಿದು ಕೇಳಿದ, “ಭಾವ, ಒಳಗಿಂದ ಕೂರ್ಸೋದಾ, ಹೊರಗಿಂದಾನಾ?”

ಗಾಜಪ್ಪ ನಕ್ಕ. ಏನೂ ಅರಿಯದವರನ್ನು ಕಂಡರೆ ಅವನಿಗೆ ಬರುತ್ತಿದ್ದ ನಗು ಅದು, ದಿನಕ್ಕೆ ಏಳೆಂಟು ಸಲ ಬರುತ್ತಿತ್ತು. “ಗಾಜನ್ನ ಯಾವತ್ತಾದ್ರೂ ಒಳಗಿಂದ ಕೂರ್ಸಿದ್ದು ನೋಡಿದ್ಯೇನೋ? ನೀರು ಬರೋದು ಹೊರಗಿಂದ. ಅದನ್ನ ಹೊರಗೇ ತಡೀಬೇಕು.”

ಮೂವತ್ತನಾಲ್ಕು ವರ್ಷ ಅವನು ತಡೆದ ನೀರೆಲ್ಲ ಮಳೆನೀರು. ಅದು ಹೊರಗಿಂದಲೇ ಬಂದದ್ದು, ಗಾಜನ್ನು ಚೌಕಟ್ಟಿಗೆ ಒತ್ತುತ್ತಾ ಬಂದದ್ದು. ಈ ಸಲದ ನೀರು ಒಳಗಿರುತ್ತದೆ ಎಂಬ ಸಣ್ಣ ವಿಷಯವನ್ನು ಆ ಹಾಲಿನಲ್ಲಿ ಯಾರೂ ಹೇಳಲಿಲ್ಲ. ಬಡಗಿಗೆ ಅನುಮಾನ ಬಂದಿತ್ತು. ಆದರೆ ಹತ್ತು ವರ್ಷದ ಹಿಂದೆ ಒಮ್ಮೆ ಭಾವನ ಮಾತಿಗೆ ಎದುರಾಡಿ ಒಂದು ಇಡೀ ಭಾನುವಾರ ಕಳೆದುಕೊಂಡಿದ್ದ. ಬಾಯಿ ಮುಚ್ಚಿಕೊಂಡ.

ಗಾಜಪ್ಪ ಪೆಟ್ಟಿಗೆಯ ಹೊರಮೈಗೆ ಗಾಜು ಅಂಟಿಸುವ ಸಿಲಿಕೋನ್ ಎಳೆದ. ಆ ಎಳೆಯನ್ನು ನೋಡಬೇಕು, ಎಲ್ಲೂ ದಪ್ಪ ಇಲ್ಲ, ಎಲ್ಲೂ ತೆಳು ಇಲ್ಲ. ಗಾಜು ಒತ್ತಿ, ಸುತ್ತ ಮರದ ಪಟ್ಟಿ ಹೊಡೆದು, ಸೋಪುನೀರಿನ ಬೆರಳಿನಿಂದ ಅಂಚು ಸವರಿದ. ನೋಡಲು ಚಿತ್ರದ ಹಾಗಿತ್ತು. ಒಂದು ದಿನ ಒಣಗಿಸಿ, ಎಂಟನೇ ದಿನ ಬೆಳಗ್ಗೆ ನಲ್ಲಿಗೆ ಪೈಪು ಹಚ್ಚಿ ನೀರು ಬಿಟ್ಟ.

ಅರ್ಧದವರೆಗೆ ಗಾಜಪ್ಪನ ಮುಖದಲ್ಲಿ ತೇಜಸ್ಸು ಏರುತ್ತಾ ಹೋಯಿತು. ಮುಕ್ಕಾಲು ತುಂಬಿದಾಗ ಕೆಳಗಿನ ಪಟ್ಟಿ ಟಕ್ ಎಂದಿತು. ಮೊಳೆ ಎದ್ದಿತು. ಗಾಜಿನ ಕೆಳಅಂಚು ಮೆಲ್ಲಗೆ, ಬಾಗಿಲು ತೆರೆದ ಹಾಗೆ, ಎರಡು ಬೆರಳಿನಷ್ಟು ಮುಂದೆ ಬಂತು. ಆಮೇಲೆ ಮುನ್ನೂರು ಲೀಟರ್ ನೀರು ಹಾಲಿನಿಂದ ಹೊರಟು, ಚಪ್ಪಲಿಗಳನ್ನು ಜೊತೆಗೆ ಕರೆದುಕೊಂಡು, ಮೆಟ್ಟಿಲಿಳಿದು, ಕೆಳಮನೆಯ ಮೇಷ್ಟ್ರ ಬಾಗಿಲು ತಟ್ಟಿತು. ಒಂದಷ್ಟು ಬಾಗಿಲಿನವರೆಗೂ ಹೋಗುವ ತಾಳ್ಮೆಯಿಲ್ಲದೆ ಅವರ ಸೂರಿನಿಂದಲೇ ಇಳಿಯಿತು. ಗಣಿತ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು ಐದು ನಿಮಿಷದಲ್ಲಿ ಮೇಲೆ ಬಂದರು. ಮನೆಯೊಳಗೆ ಬಿಚ್ಚಿದ ಕೊಡೆ ಇನ್ನೂ ತಲೆಯ ಮೇಲಿತ್ತು.

“ಏನ್ರೀ ಇದು? ನೀವು ಕೂರ್ಸಿದ ಗಾಜು ಸೋರಲ್ಲ ಅಂತಿದ್ರಿ?”

ಗಾಜಪ್ಪ ಮೊಣಕಾಲಿನವರೆಗೆ ಒದ್ದೆಯಾಗಿ ನಿಂತಿದ್ದ. ಆದರೂ ಎದೆ ಸೆಟೆಸಿದ. “ಮೇಷ್ಟ್ರೇ, ಸರಿಯಾಗಿ ನೋಡಿ ಮಾತಾಡಿ. ಒಂದು ಹನಿ ಒಳಗೆ ಬಂದಿದ್ಯಾ? ಇದು ಹೊರಗೆ ಹೋಗಿರೋದು.”

ಮೇಷ್ಟ್ರು ಲೆಕ್ಕದಲ್ಲಿ ಇಂಥ ಉತ್ತರ ಬರೆದವರನ್ನು ಕಂಡಿದ್ದರು. ಕೊಡೆ ಮಡಿಸಿಕೊಂಡು ಇಳಿದು ಹೋದರು.

ಆಮೇಲಿನ ಎರಡು ದಿನ ಗಾಜಪ್ಪ ತಪ್ಪು ಹುಡುಕಿದ. ಎಲ್ಲ ಕಡೆ ಹುಡುಕಿದ, ಅದು ಇದ್ದ ಕಡೆ ಒಂದು ಬಿಟ್ಟು. ಸಿಲಿಕೋನ್ ಟ್ಯೂಬು ಹಳತು ಎಂದ. ಪ್ಲೈವುಡ್ಡು ಡೊಂಕು ಎಂದು ಬಡಗಿಯ ಮೇಲೆ ಎಗರಾಡಿದ. ನೀರು ಬಿಟ್ಟ ರಭಸ ಜಾಸ್ತಿ ಎಂದು ನಲ್ಲಿಯನ್ನೂ ಬಿಡಲಿಲ್ಲ. ಕೊನೆಗೆ ಹಳೇ ಸಿಲಿಕೋನಿನ ಮೇಲೇ ಇನ್ನೊಂದು ದಪ್ಪ ಎಳೆ ಎಳೆದು, ಮರದ ಪಟ್ಟಿಗೆ ಇಮ್ಮಡಿ ಮೊಳೆ ಹೊಡೆದ. ಒಣಗಿದ ಸಿಲಿಕೋನಿಗೆ ಹೊಸ ಸಿಲಿಕೋನ್ ಅಂಟುವುದಿಲ್ಲ ಎಂಬುದು ಆ ಕಸುಬಿನ ಮೊದಲ ಪಾಠ, ಇವನೇ ಎಷ್ಟೋ ಜನಕ್ಕೆ ಬೈದು ಕಲಿಸಿದ್ದು. ಸಿಟ್ಟು ಬಂದಾಗ ಪಾಠ ನೆನಪಿರುತ್ತದೆಯೇ? ಹತ್ತನೇ ದಿನ ಮತ್ತೆ ನೀರು ಬಿಟ್ಟರೆ ಅರ್ಧಕ್ಕೇ ಬಳಬಳ ಸುರಿಯಿತು. ಈ ಸಲ ಮೇಷ್ಟ್ರು ಬರಲಿಲ್ಲ. ಕೆಳಗಿಂದ ಬಕೆಟ್ಟುಗಳನ್ನು ಸಾಲಾಗಿ ಇಡುವ ಸದ್ದು ಮಾತ್ರ ಬಂತು.

ಬಚ್ಚಲಿನಲ್ಲಿ ಪೇಷಂಟುವಿನ ಬಣ್ಣ ಮಾಸುತ್ತಾ ಬಂದಿತ್ತು. ತಿಂಡಿ ಹಾಕಿದರೆ ತಕ್ಷಣ ಬರುತ್ತಿರಲಿಲ್ಲ. ಹಲ್ಲಿನಕ್ಕ ಟಬ್ಬಿನ ಪಕ್ಕ ಕೂತು ಅದರ ಜೊತೆ ಮೆಲ್ಲಗೆ ಮಾತಾಡುತ್ತಿದ್ದಳು. ಗಂಡನ ಜೊತೆ ಮಾತು ನಿಲ್ಲಿಸಿದ್ದಳು.

ಹನ್ನೊಂದನೇ ದಿನ ಬೆಳಗ್ಗೆ ಅವನನ್ನು ಅಡುಗೆಮನೆಗೆ ಕರೆದಳು. ಕೈಯಲ್ಲಿ ಕುಕ್ಕರಿನ ಮುಚ್ಚಳ. ಅವರ ಮನೆಯದು ಒಳಮುಚ್ಚಳದ ಕುಕ್ಕರ್. ಮುಚ್ಚಳವನ್ನು ಓರೆ ಮಾಡಿ ಒಳಗೆ ಇಳಿಸಿ, ಮೇಲಕ್ಕೆಳೆದು ಅಂಚಿಗೆ ಕೂರಿಸುವಂಥದ್ದು. ಅವನ ಕಣ್ಣೆದುರೇ ಹಾಗೆ ಕೂರಿಸಿ ಒಲೆ ಹಚ್ಚಿದಳು.

“ಈ ಮುಚ್ಚಳ ಯಾಕ್ರೀ ಒಳಗಿಂದ ಕೂರ್ಸ್ತಾರೆ?”

“ಕುಕ್ಕರ್ ಮಾಡಿದವನ್ನ ಕೇಳು. ನಂಗೇನು ಕೇಳ್ತೀಯ?”

“ಆವಿ ಒಳಗಿಂದ ಒತ್ತುತ್ತೆ. ಒತ್ತಿದಷ್ಟೂ ಮುಚ್ಚಳ ಅಂಚಿಗೆ ಗಟ್ಟಿಯಾಗಿ ಕೂತ್ಕೊಳ್ಳುತ್ತೆ. ಇದನ್ನೇ ಹೊರಗಿಂದ ಸುಮ್ನೆ ಅಂಟಿಸಿದ್ರೆ ಸೂರಿಗೆ ಹೋಗಿ ಬಡೀತಿತ್ತು. ನಿಮ್ಮ ಮಳೆ ಹೊರಗಿಂದ ಒತ್ತುತ್ತೆ, ಅದಕ್ಕೆ ಹೊರಗಿಂದ ಗಾಜು. ಈ ನೀರು ಒಳಗಿದೆ, ಅಲ್ವಾ?”

ಗಾಜಪ್ಪ ಕುಕ್ಕರನ್ನೇ ನೋಡುತ್ತಾ ನಿಂತ. ಮೊದಲ ಕೂಗು ಕೂಗಿತು, ಎರಡನೆಯದು ಕೂಗಿತು, ಮೂರನೆಯದಾಯಿತು. ಅಷ್ಟೂ ಹೊತ್ತು ಅವನ ಬಾಯಿ ಮುಚ್ಚಿಯೇ ಇತ್ತು. ಇಪ್ಪತ್ತೆರಡು ವರ್ಷದ ಅನುಭವದಲ್ಲಿ ಹಲ್ಲಿನಕ್ಕನಿಗೆ ಇದಕ್ಕಿಂತ ಕಷ್ಟದ ಕೇಸು ಸಿಕ್ಕಿರಲಿಲ್ಲ.

ಕೊನೆಗೆ ಗಂಟಲು ಸರಿಮಾಡಿಕೊಂಡ. “ಒಂದ್ಸಲ ಒಳಗಿಂದಾನೂ ಹಾಕಿ ನೋಡೋಣ. ನಾನೂ ಮೊದ್ಲಿಂದ ಅದನ್ನೇ ಯೋಚಿಸ್ತಾ ಇದ್ದೆ.”

ತಪ್ಪಾಯಿತು ಎಂಬ ಪದ ಅವನ ಬಾಯಿಂದ ಬಂದದ್ದನ್ನು ಕೇಳಿದವರು ಇರಲಿಲ್ಲ. ಅಂದೂ ಯಾರೂ ಕೇಳಲಿಲ್ಲ.

ಪಟ್ಟಿ ಕಿತ್ತು, ತಂತಿಯಿಂದ ಗಾಜು ಬಿಡಿಸಿ, ಹಳೇ ಸಿಲಿಕೋನನ್ನು ಬ್ಲೇಡಿನಿಂದ ಹೆರೆಯುವುದಕ್ಕೆ ಎರಡು ದಿನ ಹಿಡಿಯಿತು. ಹೆರೆಯುವಾಗ ಹಲ್ಲಿನಕ್ಕ ಕನ್ನಡಕ ಹಾಕಿಕೊಂಡು ಖಾಲಿ ಟ್ಯೂಬಿನ ಮೇಲಿನ ಸಣ್ಣಕ್ಷರ ಓದಿದಳು. ಕಿಟಕಿ ಮತ್ತು ಬಚ್ಚಲಿಗೆ ಮಾತ್ರ, ಬೂಷ್ಟು ಕೊಲ್ಲುವ ಔಷಧಿ ಸೇರಿಸಿದೆ, ಮೀನಿನ ತೊಟ್ಟಿಗೆ ಬಳಸಬಾರದು ಎಂದಿತ್ತು. ಅಂದರೆ ಗಾಜು ಸೋರದೆ ನಿಂತಿದ್ದರೆ ಮೀನು ವಾರದಲ್ಲಿ ಸಾಯುತ್ತಿತ್ತು. ಮೂವತ್ತನಾಲ್ಕು ವರ್ಷದಲ್ಲಿ ಗಾಜಪ್ಪ ಒಂದೂ ಟ್ಯೂಬು ಓದಿದವನಲ್ಲ. ಓದುವುದೇನಿದ್ದರೂ ಕಲಿಯುವವರ ಕೆಲಸ ಎಂದು ಅವನ ಅಭಿಪ್ರಾಯ. ಅವಳು ಅಕ್ವೇರಿಯಂ ಅಂಗಡಿಗೆ ಹೋಗಿ ಬೇರೆ ಟ್ಯೂಬು ತಂದಳು. ಅದನ್ನೂ ಓದಿದಳು.

“ಏಳು ದಿನ ಒಣಗಬೇಕಂತೆ. ಅಲ್ಲಿವರೆಗೆ ನೀರೂ ಹಾಕಬಾರ್ದು, ಮೀನೂ ಬಿಡಬಾರ್ದು.”

“ಕಂಪನಿಯವರು ತಮ್ಮ ತಲೆ ಉಳಿಸ್ಕೊಳ್ಳೋಕೆ ಏನೇನೋ ಬರ್ದಿರ್ತಾರೆ. ನನ್ನ ಕೈಯಲ್ಲಿ ಒಂದು ದಿನಕ್ಕೆ ಕಲ್ಲಾಗುತ್ತೆ.”

“ಏಳು ದಿನ,” ಎಂದಳು ಅವಳು.

ಹದಿಮೂರನೇ ದಿನ ಮಧ್ಯಾಹ್ನ ಗಾಜು ಒಳಗಿಂದ ಕೂತಿತು. ಬಡಗಿಯೂ ಗಾಜಪ್ಪನೂ ಮೇಲಿಂದ ಇಳಿಸಿ, ಚೌಕಟ್ಟಿಗೆ ಒತ್ತಿ, ಪೆಟ್ಟಿಗೆಯ ಹಿಂದಿನ ಹಲಗೆಯಿಂದ ಎರಡು ಕೋಲು ಅಡ್ಡ ಕೊಟ್ಟರು. ಇನ್ನು ಒಳಮೂಲೆಗಳಿಗೆ ಸಿಲಿಕೋನ್ ಎಳೆಯಬೇಕು, ಅದಕ್ಕೆ ಯಾರಾದರೂ ಪೆಟ್ಟಿಗೆಯೊಳಗೆ ಕೂರಬೇಕು. ಗಾಜಪ್ಪ ಇಳಿದ. ಕಾಲು ಹೋಯಿತು, ಸೊಂಟ ಹೋಯಿತು, ಹೊಟ್ಟೆ ತಿರುಗಲು ಒಪ್ಪಲಿಲ್ಲ. ಬಡಗಿ ಕಂಕುಳಿಗೆ ಕೈ ಹಾಕಿ ಭಾವನನ್ನು ಎತ್ತಿ ಹೊರಗೆ ತೆಗೆದ. ಬಡಗಿಯೋ ಆರಡಿ ಆಳು. ಹಲ್ಲಿನಕ್ಕ ಸೆರಗು ಸಿಕ್ಕಿಸಿ ಒಳಗಿಳಿದು, ಮಂಡಿ ಮಡಿಸಿ ಕೂತು, ಕೈ ಚಾಚಿದಳು.

ತನ್ನ ಸಿಲಿಕೋನ್ ಗನ್ನನ್ನು ಗಾಜಪ್ಪ ಯಾರ ಕೈಗೂ ಕೊಟ್ಟವನಲ್ಲ. ಅದನ್ನು ಎದೆಗೆ ಹಿಡಿದುಕೊಂಡು ಒಂದು ಕ್ಷಣ ನಿಂತ. ಆಮೇಲೆ ಕೊಟ್ಟ.

“ನಿಧಾನ. ನಡುಗಿಸ್ಬೇಡ. ಒಂದೇ ಎಳೆ ಬರ್ಬೇಕು, ಮಧ್ಯ ನಿಲ್ಲಿಸಿದ್ರೆ ಅಲ್ಲೇ ಸೋರೋದು. ಕೈ ನಡುಗಿಸ್ಬೇಡ ಅಂದ್ನಲ್ಲ.”

“ನೀವು ಮಾತಾಡ್ದಿದ್ರೆ ನಡುಗಲ್ಲ.”

ಅವನು ಮಾತು ನಿಲ್ಲಿಸಿದ. ಪ್ರತಿ ಎಳೆಗೂ ಅವನ ಬಾಯಿ ಪಿಟಿಪಿಟಿ ಎನ್ನುತ್ತಿತ್ತು, ಸದ್ದು ಬರುತ್ತಿರಲಿಲ್ಲ. ವಿನೆಗರಿನಂಥ ಹುಳಿ ವಾಸನೆ ಹಾಲಿಗೆಲ್ಲ ಹರಡಿತು. ಸೋಪುನೀರಿನಲ್ಲಿ ಬೆರಳದ್ದಿ ಅವಳು ನಾಲ್ಕು ಮೂಲೆಯನ್ನೂ ಸವರಿ ಮೇಲೆದ್ದಾಗ ಗಡಿಯಾರದಲ್ಲಿ ನಾಲ್ಕು ಹೊಡೆದಿತ್ತು. ಅವನು ಬಗ್ಗಿ ನೋಡಿದ, ಟಾರ್ಚು ಹಾಕಿ ನೋಡಿದ, ಕುಂದು ಸಿಗಲಿಲ್ಲ. ಅದಕ್ಕೇ ಮುಖ ಸಪ್ಪಗಾಯಿತೋ ಏನೋ.

ಆ ಏಳು ದಿನ ಗಾಜಪ್ಪ ದಿನಕ್ಕೆ ಹತ್ತು ಸಲ ಒಣಗಿದೆ ಎಂದ, ಹಲ್ಲಿನಕ್ಕ ಹತ್ತು ಸಲವೂ ಕ್ಯಾಲೆಂಡರ್ ಕಡೆ ಬೆರಳು ತೋರಿಸಿದಳು. ಇಪ್ಪತ್ತನೇ ದಿನ ಸಂಜೆ ನಾಲ್ಕಕ್ಕೆ ಗಡುವು ಮುಗಿಯುತ್ತಿತ್ತು. ಮಾರನೇ ಬೆಳಗ್ಗೆ ಅಂಗಡಿಯವನು ಬರುವವನಿದ್ದ, ತೊಟ್ಟಿಗೆ ಬಿಡಲೋ ಒಯ್ಯಲೋ ಎಂದು ನೋಡಲು. ಹಲ್ಲಿನಕ್ಕ ಅಷ್ಟರಲ್ಲಿ ಒಂದು ಕಣ್ಣಿನ ಆಸ್ಪತ್ರೆಯ ಮುಂದಿನ ಮೇಜಿಗೆ ಕೆಲಸಕ್ಕೆ ಸೇರಿದ್ದಳು, ಫೋನನ್ನು ಡ್ರಾಯರಿನಲ್ಲಿಟ್ಟು ಕೂರಬೇಕೆಂದು ಅಲ್ಲಿಯ ನಿಯಮ. ಆ ಇಪ್ಪತ್ತನೇ ದಿನ ಬೆಳಗ್ಗೆ ಒಂಬತ್ತಕ್ಕೆ ಹೊರಟಳು. ಗಾಜಪ್ಪ ಅಂಗಡಿ ತೆರೆಯದೆ ಮನೆಯಲ್ಲೇ ಉಳಿದ.

ಹತ್ತು ಗಂಟೆಗೆ ಕರೆಂಟ್ ಹೋಯಿತು.

ಅವನಿಗೆ ಮೊದಲು ತಿಳಿಯಲೇ ಇಲ್ಲ. ಬಚ್ಚಲಿಂದ ದಿನವಿಡೀ ಬರುತ್ತಿದ್ದ ಗುರ್ ಸದ್ದು ಇಲ್ಲವೆಂದು ಹೊಳೆದು ಹೋಗಿ ನೋಡಿದರೆ ಪಂಪು ನಿಂತಿತ್ತು. ಪೇಷಂಟು ಮೇಲೆ ಬಂದು ಬಾಯಿ ಬಡಿದುಕೊಳ್ಳುತ್ತಿತ್ತು. ಸ್ವಲ್ಪ ಹೊತ್ತಿಗೆ ಒಂದು ಪಕ್ಕಕ್ಕೆ ವಾಲಿತು. ಆ ಮೀನು ಸತ್ತರೆ ಸಂಜೆ ಅವಳಿಗೆ ಮುಖ ತೋರಿಸುವುದು ಹೇಗೆ ಎಂಬುದೊಂದೇ ಅವನ ತಲೆಯಲ್ಲಿ ತುಂಬಿಕೊಂಡಿತು. ಮಗ್ಗು ತೆಗೆದುಕೊಂಡು ಟಬ್ಬಿನ ನೀರನ್ನೇ ಮೊಗೆದು ಎತ್ತರದಿಂದ ಸುರಿದ. ನೀರು ನೊರೆಯೆದ್ದು ಗಾಳಿ ಸೇರಿತು. ಮೀನು ನೆಟ್ಟಗಾಯಿತು. ಕೈ ನಿಲ್ಲಿಸಿದ, ಮತ್ತೆ ವಾಲಿತು. ಅಲ್ಲಿಗೆ ನಿಲ್ಲಿಸುವಂತಿಲ್ಲ ಎಂದು ಗೊತ್ತಾಯಿತು.

ಹನ್ನೊಂದಕ್ಕೆ ಮೇಷ್ಟ್ರು ಕೊಡೆ ಹಿಡಿದುಕೊಂಡೇ ಬಂದರು. “ನೀರಿನ ಸದ್ದು ಕೇಳಿಸ್ತು. ಮತ್ತೆ ಸೋರ್ತಿದೆಯಾ?”

“ಸೋರ್ತಿಲ್ಲ ಮೇಷ್ಟ್ರೇ. ಉಸಿರಾಡಿಸ್ತಾ ಇದ್ದೀನಿ.”

ಮೇಷ್ಟ್ರು ಒಂದು ನಿಮಿಷ ನಿಂತು ನೋಡಿದರು, ಕೆಳಗೆ ಹೋಗಿ ಟೀ ತಂದು ಅವನ ಬಾಯಿಗೇ ಹಿಡಿದರು, ಯಾಕೆಂದರೆ ಅವನ ಕೈ ಬಿಡುವಾಗಿರಲಿಲ್ಲ.

ಹನ್ನೆರಡೂವರೆಗೆ ಬಡಗಿ ಬಂದ. ನೋಡಿದವನೇ ತಲೆ ಮೇಲೆ ಕೈ ಹೊತ್ತ. “ಏನ್ ಭಾವ, ಹುಚ್ಚಾ ನಿಮ್ಗೆ? ತೊಟ್ಟಿ ಅಲ್ಲೇ ಇದೆ, ಡ್ರಮ್ಮಲ್ಲಿ ನೀರೂ ತುಂಬಿಟ್ಟಿದೆ. ಆರೂ ಮುಕ್ಕಾಲು ದಿನ ಆಯ್ತು. ನೀವೇ ಹೇಳ್ತಿದ್ರಿ, ಒಂದು ದಿನ ಸಾಕು ಅಂತ. ಎತ್ತಿ ಹಾಕ್ಬಿಡಿ.”

ಗಾಜಪ್ಪ ಮಗ್ಗನ್ನು ಅವನ ಕೈಗೆ ಕೊಟ್ಟು ಹಾಲಿಗೆ ಬಂದ. ತೊಟ್ಟಿಯೊಳಗೆ ಕೈ ಇಳಿಸಿ ಮೂಲೆಯ ಸಿಲಿಕೋನಿಗೆ ಉಗುರು ಒತ್ತಿದ. ಗಟ್ಟಿ. ಮೂಸಿ ನೋಡಿದ, ಹುಳಿ ವಾಸನೆ ಇದೆಯೋ ಇಲ್ಲವೋ ತಿಳಿಯಲಿಲ್ಲ. ಮೂವತ್ತನಾಲ್ಕು ವರ್ಷದ ಬೆರಳು ಒಣಗಿದೆ ಎಂದೇ ಹೇಳಿತು. ಆ ಬೆರಳನ್ನು ಅವನು ಎಂದೂ ಅನುಮಾನಿಸಿದವನಲ್ಲ. ಅಲ್ಲೇ ಸ್ವಲ್ಪ ಹೊತ್ತು ನಿಂತಿದ್ದು, ಬಚ್ಚಲಿಗೆ ವಾಪಸು ಹೋಗಿ ಬಾಮೈದನ ಕೈಯಿಂದ ಮಗ್ಗು ಕಿತ್ತುಕೊಂಡ.

“ನೀನು ಹೋಗು. ನೀನು ಸುರಿಯೋ ರೀತಿಗೆ ಮೀನಿನ ಬೆನ್ನು ಮುರಿಯುತ್ತೆ.”

ಮೂರು ಗಂಟೆಗೆ ಹಲ್ಲಿನಕ್ಕ ಬಂದಳು. ಬಾಗಿಲು ತೆರೆದಿತ್ತು. ಬಚ್ಚಲಿನಲ್ಲಿ ಗಂಡ ನೆಲದ ಮೇಲೆ ಕಾಲು ಚಾಚಿ ಕೂತಿದ್ದ, ತಲೆಯಿಂದ ಕಾಲಿನವರೆಗೆ ನೆಂದಿದ್ದ. ಬಲಗೈ ಸೋತು ಎಡಗೈಗೆ, ಎಡಗೈ ಸೋತು ಬಲಗೈಗೆ ಮಗ್ಗು ಬದಲಾಗುತ್ತಿತ್ತು. ಅವಳು ಮೊದಲು ಮೀನು ನೋಡಿದಳು. ಈಜುತ್ತಿತ್ತು. ಆಮೇಲೆ ಅವನನ್ನು ನೋಡಿದಳು. ಚಪ್ಪಲಿ ಬಿಟ್ಟು ಬಂದು ಮಗ್ಗು ತೆಗೆದುಕೊಂಡಳು. ಮೂರೂವರೆಗೆ ಕರೆಂಟ್ ಬಂತು.

ನಾಲ್ಕಕ್ಕೆ ತೊಟ್ಟಿಗೆ ನೀರು ತುಂಬಿಸಿದರು. ತುಂಬುತ್ತಾ ಹೋದ ಹಾಗೆ ಗಾಜು ಚೌಕಟ್ಟಿಗೆ ಇನ್ನಷ್ಟು ಗಟ್ಟಿಯಾಗಿ ಕೂತಿತು. ಕೆಳಗೆ ಹಾಸಿದ್ದ ಹಳೇ ಪೇಪರು ಬೆಳಗಿನವರೆಗೂ ಗರಿಗರಿಯಾಗಿಯೇ ಇತ್ತು. ಮಾರನೇ ದಿನ ಅಂಗಡಿಯವನು ಬಂದು ನೀರು ಪರೀಕ್ಷಿಸಿ, ತಾನೇ ಪೇಷಂಟುವನ್ನು ಎತ್ತಿ ತೊಟ್ಟಿಗೆ ಬಿಟ್ಟು, ತಂದಿದ್ದ ಚೀಲವನ್ನು ಖಾಲಿಯಾಗಿಯೇ ಮಡಚಿಕೊಂಡು ಹೋದ. ಮೀನು ಈ ತುದಿಯಿಂದ ಆ ತುದಿಗೆ ಮೂರು ಸಲ ಹೋಗಿ ಬಂದು, ಹಲ್ಲಿನಕ್ಕನ ಮುಖದ ಎದುರು ಬಂದು ನಿಂತಿತು.

ಗಾಜಪ್ಪ ನೆಲದ ಮೇಲೆ ಕೂತು ಗಾಜಿನ ಹೊರಗಡೆ ಒರೆಸುತ್ತಿದ್ದ. ಭುಜದಿಂದ ಮೇಲೆ ಕೈ ಏಳುತ್ತಿರಲಿಲ್ಲ, ಹಾಗಾಗಿ ಕೆಳಗಿನ ಅರ್ಧ ಮಾತ್ರ ಹೊಳೆಯುತ್ತಿತ್ತು.

“ರೀ, ಒಂದು ಕೇಳ್ಲಾ?” ಎಂದಳು ಹಲ್ಲಿನಕ್ಕ. “ನಿಮ್ಮ ಲೆಕ್ಕದಲ್ಲಿ ಅದು ಒಂದೇ ದಿನಕ್ಕೆ ಒಣಗಿತ್ತು. ನಿನ್ನೆ ಕರೆಂಟ್ ಹೋದ ತಕ್ಷಣ ಇದ್ರಲ್ಲಿ ಬಿಡಬಹುದಿತ್ತು. ಐದು ಗಂಟೆ ಹೊತ್ತು ಯಾಕೆ ಹಾಗೆ ಕೈ ಮುರ್ಕೊಂಡ್ರಿ?”

ಅವನು ಬಟ್ಟೆ ಹಿಂಡಿದ, ಮಡಿಸಿದ, ಮತ್ತೆ ಬಿಡಿಸಿದ. ಅವಳ ಕಡೆ ತಿರುಗಲಿಲ್ಲ.

“ನೀನು ಏಳು ದಿನ ಅಂದಿದ್ಯಲ್ಲ,” ಅಂದ.

ಹಲ್ಲಿನಕ್ಕ ಎದ್ದು ಹೋಗಿ, ಆಗತಾನೆ ತಿಂಡಿ ಹಾಕಿದ್ದ ಮೀನಿಗೆ ಇನ್ನೊಂದು ಸಲ ತಿಂಡಿ ಹಾಕಿದಳು. ಪೇಷಂಟು ಬೇಡ ಎನ್ನಲಿಲ್ಲ.